ಶೆಕ್ಮನ್ ಅವರ ನೊಬೆಲ್ ಪುಟ: ಬಿಟ್ಟಿ ಸಿಗುತ್ತೆ, ಎರಡು ಸಲ ನೋಡಬೇಕಾಗುತ್ತೆ

ಅಡಿಕೆ ರೇಟು, ಮಳೆ ಎಷ್ಟು ಇಂಚು ಅನ್ನೋದು ಬಿಟ್ಟರೆ ನಾನು ನೆಟ್‌ನಲ್ಲಿ ನೋಡೋದು ಕಡಿಮೆ. ತೀರ್ಥಹಳ್ಳಿ ಹತ್ತಿರ ನಮ್ಮ ತೋಟ. ಅಪ್ಪಯ್ಯನಿಗೆ ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗಿ ಮೈ ಬಿಗಿಯುವ ಕಾಯಿಲೆ, ಬಂದು ಐದು ವರ್ಷ ಆಯ್ತು. ಮೊದಲು ತೋರಿಸಿದ ಡಾಕ್ಟರು ಮೆದುಳಲ್ಲಿ ಡೋಪಮೈನ್ (ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋ ರಾಸಾಯನಿಕ) ಕಡಿಮೆ ಅಂತ ಚೀಟಿ ಬರೆದರು, ಯಾಕೆ ಕಡಿಮೆ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಹೊರಗೆ ಮುಂದಿನ ಟೋಕನ್ ಕೂಗಿಯಾಗಿತ್ತು. ಅದನ್ನೇ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನೊಬೆಲ್ ಪ್ರಶಸ್ತಿಯವರ ವೆಬ್‌ಸೈಟ್.

2013ರ ವೈದ್ಯಕೀಯ ನೊಬೆಲ್ ಮೂರು ಜನಕ್ಕೆ ಬಂತು: ಜೇಮ್ಸ್ ರಾಥ್ಮನ್, ರ‍್ಯಾಂಡಿ ಶೆಕ್ಮನ್, ಥಾಮಸ್ ಸುಡಾಫ್. ನಾನು ಹೇಳ್ತಿರೋದು ಶೆಕ್ಮನ್ ಪುಟದ ಬಗ್ಗೆ. ಅವರೇ ಬರೆದ ಜೀವನದ ಕತೆ ಇದೆ, ಉಪನ್ಯಾಸದ ವಿಡಿಯೊ ಇದೆ. ದುಡ್ಡು ಕೇಳಲ್ಲ.

ಕತೆ ಮೊದಲು ಓದಿ. ಹುಡುಗನಾಗಿದ್ದಾಗ ಮೈಕ್ರೋಸ್ಕೋಪ್ ತಗೊಳ್ಳೋಕೆ ಕೂಡಿಟ್ಟ ದುಡ್ಡನ್ನು ಅಮ್ಮ ಆಗಾಗ ಸಾಲ ಅಂತ ತೆಗೀತಾ ಇದ್ದರಂತೆ. ಒಂದು ದಿನ ಸಿಟ್ಟು ಬಂದು ಸೈಕಲ್ ಹತ್ತಿ ಸೀದಾ ಪೊಲೀಸ್ ಸ್ಟೇಷನ್‌ಗೆ ಹೋಗಿ, ನಾನು ಮನೆ ಬಿಟ್ಟು ಹೋಗ್ತೀನಿ ಅಂದನಂತೆ. ಅವತ್ತೇ ಅವರಪ್ಪ ಗಿರವಿ ಅಂಗಡಿಯಿಂದ ಒಂದು ಹಳೇ ಮೈಕ್ರೋಸ್ಕೋಪ್ ಕೊಡಿಸಿದರು. ಇದನ್ನು ಅಪ್ಪಯ್ಯನಿಗೆ ಹೇಳಿದೆ. ಕಾಯಿಲೆ ಬಂದಮೇಲೆ ಅವರ ಮುಖದಲ್ಲಿ ನಗು, ಸಿಟ್ಟು ಯಾವುದೂ ಬೇಗ ಕಾಣಲ್ಲ. ಎರಡೂ ಕೈಲಿ ಹಿಡಿದಿದ್ದ ಕಾಫಿ ಲೋಟ ಕೆಳಗಿಟ್ಟು, "ಸ್ಟೇಷನ್‌ಗೇ ಹೋದ್ನಾ ಮಾರಾಯ?" ಅಂದರು.

ಇನ್ನು ವಿಡಿಯೊ. ಇಂಗ್ಲಿಷ್‌ನಲ್ಲಿದೆ, ನನ್ನಂಥ ಪಿಯುಸಿ ಬಯಾಲಜಿ ಮರೆತವರು ಮಧ್ಯೆ ಮಧ್ಯೆ ನಿಲ್ಲಿಸಿ ನೋಡಬೇಕು. ಶೆಕ್ಮನ್ ಕೆಲಸ ಮಾಡಿದ್ದು ಬೇಕರಿಯವರು ಬನ್ ಉಬ್ಬಿಸೋಕೆ ಹಾಕುವ ಯೀಸ್ಟ್ ಮೇಲೆ. ಜೀವಕೋಶ ತಾನು ಮಾಡಿದ ಪ್ರೋಟೀನನ್ನು ಪುಟ್ಟ ಚೀಲಗಳಲ್ಲಿ ತುಂಬಿ ಸಾಗಿಸುತ್ತೆ, ಆ ಸಾಗಾಟವನ್ನು ಯಾವ ಜೀನ್ ನಡೆಸುತ್ತೆ ಅನ್ನೋದು ಪ್ರಶ್ನೆ. ಅದಕ್ಕೆ ಇವರು ಮತ್ತು ಇವರ ವಿದ್ಯಾರ್ಥಿ ಪೀಟರ್ ನೋವಿಕ್ ಒಂದೊಂದೇ ಜೀನ್ ಕೆಟ್ಟ ಯೀಸ್ಟ್ ಹುಡುಕಿದರು, ಅವು ತಂಪಿನಲ್ಲಿ ಸರಿಯಾಗಿರುತ್ತವೆ, 37 ಡಿಗ್ರಿಗೆ ಬಿಸಿ ಮಾಡಿದರೆ ಸಾಗಾಟ ನಿಲ್ಲುತ್ತೆ. 1979ರಲ್ಲಿ ಮೊದಲನೆಯದರ ವರದಿ ಬಂತು, ಮುಂದಿನ ವರ್ಷದ ಹೊತ್ತಿಗೆ ಲೆಕ್ಕ 23 ಜೀನ್‌ಗೆ ಮುಟ್ಟಿತು. ಆ ಕೆಟ್ಟ ಕೋಶದ ಫೋಟೊ ನೋಡಬೇಕು ನೀವು, ಒಳಗೆಲ್ಲ ಹೊರಗೆ ಹೋಗಲಾರದ ಚೀಲಗಳೇ.

ಅದನ್ನು ನೋಡಿದಾಗ ನನಗೆ ನೆನಪಾಗಿದ್ದು ಕೊಯ್ಲಿನ ಕಾಲದ ನಮ್ಮ ಅಂಗಳ. ಸುಲಿಯೋರು ಬರದಿದ್ದರೆ ಹಸಿ ಅಡಿಕೆ ರಾಶಿ ಬೀಳುತ್ತೆ, ಒಲೆ ಹೊತ್ತದಿದ್ದರೆ ಸುಲಿದದ್ದು ರಾಶಿ, ಲಾರಿ ಬರದಿದ್ದರೆ ಮೂಟೆ ರಾಶಿ. ಯಾವುದು ರಾಶಿ ಬಿದ್ದಿದೆ ನೋಡಿದರೆ ಯಾವ ಕೆಲಸ ನಿಂತಿದೆ ಅಂತ ಗೊತ್ತಾಗುತ್ತೆ ಅಲ್ವಾ? ಇವರು ಮಾಡಿದ್ದೂ ಅದೇ.

ಮೆದುಳಿಗೂ ಇದಕ್ಕೂ ಏನು ಸಂಬಂಧ ಅಂದರೆ, ನರಕೋಶ ಡೋಪಮೈನ್ ತುಂಬಿಡೋದೂ ಇಂಥ ಚೀಲಗಳಲ್ಲೇ. ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲೀನ್ ಅನ್ನೋ ಪ್ರೋಟೀನ್ ಗಂಟು ಕಟ್ಟುತ್ತೆ. ಅದನ್ನು ಯೀಸ್ಟ್‌ನಲ್ಲಿ ಜಾಸ್ತಿ ಮಾಡಿದರೆ ಇದೇ ಸಾಗಾಟಕ್ಕೆ ತಡೆ ಬೀಳುತ್ತೆ ಅಂತ ಬೇರೆ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಶೆಕ್ಮನ್ ಹೆಂಡತಿಗೂ ಇದೇ ಕಾಯಿಲೆ ಇತ್ತು, 2017ರಲ್ಲಿ ತೀರಿಕೊಂಡರು. ಆಮೇಲೆ ಪಾರ್ಕಿನ್ಸನ್ ಸಂಶೋಧನೆಗೆ ದುಡ್ಡು ಕೊಡುವ ಒಂದು ದೊಡ್ಡ ಯೋಜನೆಯ ವಿಜ್ಞಾನದ ಹೊಣೆ ಅವರು ಹೊತ್ತರು. ವಿಡಿಯೊ 2013ರದ್ದು, ಇದೆಲ್ಲ ಅದರಲ್ಲಿ ಇಲ್ಲ, ನಾನು ಆಮೇಲೆ ಹುಡುಕಿ ಓದಿದ್ದು.

ಔಷಧಿ ಸಿಗುತ್ತೆ ಅಂತ ಮಾತ್ರ ನೋಡಬೇಡಿ. ಅಪ್ಪಯ್ಯನ ಲೆವೊಡೋಪ ಮಾತ್ರೆ (ಮೆದುಳಿಗೆ ಹೋಗಿ ಡೋಪಮೈನ್ ಆಗುವಂಥದ್ದು) ಹಾಗೇ ನಡೀತಿದೆ.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಹಿಡಿದದ್ದು ಸುಮ್ನೆ, ಪೂರ್ತಿ ಕೊಟ್ಟರೆ ಯಾರೂ ನಂಬಲ್ಲ. ನಮ್ಮಲ್ಲಿ ಸಿಗ್ನಲ್ ಸಿಗೋದು ಜಗಲಿಯ ಒಂದೇ ಮೂಲೆಯಲ್ಲಿ, ಮಳೆ ಹಿಡಿದರೆ ಅದೂ ಇಲ್ಲ, ಹಾಗಾಗಿ ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದಾಗ ತಂಗಿ ಮನೆ ವೈಫೈನಲ್ಲಿ ಕೂತು ನೋಡಿದೆ. ಬರುವಾಗ ಜೀವನದ ಕತೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ತಂದೆ. ಅಪ್ಪಯ್ಯ ದಿನಕ್ಕೊಂದು ಹಾಳೆ ಓದ್ತಿದ್ದಾರೆ, ಇನ್ನೂ ಮುಗಿದಿಲ್ಲ.