ಟೆರಾಜೋಸಿನ್ ಮತ್ತು ಟ್ಯಾಮ್ಸುಲೋಸಿನ್: ಎರಡನ್ನೂ ನುಂಗಿ ನೋಡಿದ ಮೇಲೆ

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ, ರಾತ್ರಿ ನಾಲ್ಕೈದು ಸಲ ಎದ್ದು ಹೋಗಬೇಕಾಗಿದ್ದ ನಾನು ಮೂರು ಆಲ್ಫಾ ಬ್ಲಾಕರ್ ಔಷಧಿಗಳನ್ನು ತೆಗೆದುಕೊಂಡು ನೋಡಿದ್ದೇನೆ. ಈಗ ನನ್ನ ಬಳಿ ಉಳಿದಿರುವುದು ಟ್ಯಾಮ್ಸುಲೋಸಿನ್ ಮಾತ್ರ.

ಮೂತ್ರಕೋಶದ ಕತ್ತು ಮತ್ತು ಪ್ರಾಸ್ಟೇಟ್‌ನ ಸ್ನಾಯುಗಳನ್ನು ನಾರ್‌ಅಡ್ರಿನಲಿನ್ ಎಂಬ, ನರಗಳು ಒಸರಿಸುವ ರಾಸಾಯನಿಕ ಬಿಗಿಗೊಳಿಸುತ್ತದೆ. ಅದು ಬಂದು ಕೂರುವ, ಜೀವಕೋಶದ ಮೇಲಿನ ಆಲ್ಫಾ-1 ಗ್ರಾಹಕಗಳನ್ನು (ರಿಸೆಪ್ಟರ್) ಈ ಔಷಧಿಗಳು ಮುಚ್ಚಿಬಿಡುವುದರಿಂದ ಸ್ನಾಯು ಸಡಿಲಗೊಂಡು ಮೂತ್ರದ ದಾರಿ ಬಿಡುತ್ತದೆ, ಗ್ರಂಥಿಯೇನೂ ಕುಗ್ಗುವುದಿಲ್ಲ. ಇಂಥವೇ ಗ್ರಾಹಕಗಳು ರಕ್ತನಾಳಗಳ ಗೋಡೆಯಲ್ಲಿಯೂ ಇರುವುದರಿಂದ ಟೆರಾಜೋಸಿನ್ ಬಿ.ಪಿ.ಯನ್ನೂ ಇಳಿಸುತ್ತದೆ.  

ನನಗೆ ಮೊದಲು ಬರೆದುಕೊಟ್ಟದ್ದು ಟೆರಾಜೋಸಿನ್. ಮಲಗುವಾಗ 1 ಮಿ.ಗ್ರಾಂ.ನಿಂದ ಆರಂಭಿಸಿ, ಕೆಲವು ವಾರಗಳಲ್ಲಿ 5 ಮಿ.ಗ್ರಾಂ.ಗೆ ಏರಿಸಿದರು. ಮೂತ್ರದ ಧಾರೆ ಸುಧಾರಿಸಿತು. ಆ ನಡುವೆ ಮೈಸೂರಿನಲ್ಲಿ ಬಂಧುಗಳ ಮದುವೆಗೆ ಹೋಗಿದ್ದ ನಾನು ಮಾತ್ರೆಗಳನ್ನು ಮನೆಯಲ್ಲಿಯೇ ಬಿಟ್ಟಿದ್ದೆ. ಐದು ದಿನಗಳ ನಂತರ ಮಂಡ್ಯಕ್ಕೆ ಮರಳಿದ ರಾತ್ರಿ, ಎಂದಿನಂತೆ 5 ಮಿ.ಗ್ರಾಂ. ನುಂಗಿ ಮಲಗಿದೆ.

ಎರಡು ಗಂಟೆಯ ಹೊತ್ತಿಗೆ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟಿತು. ದೀಪದ ಸ್ವಿಚ್ಚಿಗೆ ಚಾಚಿದ ಕೈ ಗೋಡೆಯುದ್ದಕ್ಕೂ ಜಾರಿತು. ಹಣೆ ಬಚ್ಚಲಿನ ಹೊಸ್ತಿಲಿಗೆ ಬಡಿಯಿತು. ಸದ್ದಿಗೆ ಎದ್ದು ಬಂದ ಹೆಂಡತಿ ನನ್ನ ಕಾಲುಗಳನ್ನು ದಿಂಬಿನ ಮೇಲೆತ್ತಿ ಇಟ್ಟ ಮೇಲೆ ಪ್ರಜ್ಞೆ ತಿಳಿಯಾಯಿತು. ಹಣೆಗೆ ಮೂರು ಹೊಲಿಗೆ ಬಿದ್ದವು. ಕೆಲವು ದಿನ ಬಿಟ್ಟುಹೋದರೆ, ಬಿ.ಪಿ. ಒಮ್ಮೆಲೇ ಕುಸಿಯದಂತೆ, ಟೆರಾಜೋಸಿನ್ ಅನ್ನು ಮತ್ತೆ 1 ಮಿ.ಗ್ರಾಂ.ನಿಂದಲೇ ಶುರುಮಾಡಬೇಕೆಂಬುದನ್ನು ಔಷಧಿ ಬರೆದವರೂ ಹೇಳಿರಲಿಲ್ಲ, ಕೊಟ್ಟವರೂ ಹೇಳಿರಲಿಲ್ಲ. ಆ ಒಂದು ಮಾತು ಚೀಟಿಯ ಮೇಲೆ ಇದ್ದಿದ್ದರೆ ನಾನು ಬೀಳುತ್ತಿರಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ಟ್ಯಾಮ್ಸುಲೋಸಿನ್‌ಗೆ ಬದಲಾದದ್ದು ಆಮೇಲೆ. ಮೊದಲ ದಿನವೇ 0.4 ಮಿ.ಗ್ರಾಂ., ಇಂದಿಗೂ ಅಷ್ಟೇ. ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕೆಲಸವಿಲ್ಲ. ಇದು ಪ್ರಾಸ್ಟೇಟ್‌ನಲ್ಲಿ ಹೆಚ್ಚಾಗಿರುವ ಆಲ್ಫಾ-1ಎ ಬಗೆಯ ಗ್ರಾಹಕಗಳ ಕಡೆಗೇ ಒಲವುಳ್ಳದ್ದಾದ್ದರಿಂದ ಬಿ.ಪಿ.ಯನ್ನು ಅಷ್ಟಾಗಿ ಕದಲಿಸುವುದಿಲ್ಲ. ರಾತ್ರಿ ಮುದ್ದೆ ಉಂಡ ಅರ್ಧ ಗಂಟೆಗೆ ಕ್ಯಾಪ್ಸೂಲನ್ನು ಅಗಿಯದೆ ನುಂಗುತ್ತೇನೆ, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಹೆಚ್ಚಾಗಿ ಸೇರಿ ತಲೆಸುತ್ತು ತರಬಹುದು. ಹಾಗಿದ್ದರೂ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತೇ ಕಾಲೂರುತ್ತೇನೆ.

ನಡುವೆ ಒಂದು ತಿಂಗಳು ಇದೇ ಗುಂಪಿನ ಸಿಲೋಡೋಸಿನ್ 8 ಮಿ.ಗ್ರಾಂ. ತೆಗೆದುಕೊಂಡೆ: ಗುಣ ಅಷ್ಟೇ, ನನ್ನ ಪಿಂಚಣಿಗೆ ಬೆಲೆ ಭಾರ, ವೀರ್ಯ ಹೊರಬಾರದೆ ಮೂತ್ರಕೋಶಕ್ಕೆ ಹಿಂತಿರುಗುವ ತೊಂದರೆಯೂ ಇದರಲ್ಲಿ ಹೆಚ್ಚು. ಬಿ.ಪಿ. ಸದಾ 110ರ ಆಸುಪಾಸಿನಲ್ಲಿದ್ದು, ಊರೂರು ತಿರುಗುವಾಗ ಮಾತ್ರೆ ಮರೆಯುವ ನನ್ನಂಥವನಿಗೆ ಟ್ಯಾಮ್ಸುಲೋಸಿನ್ನೇ ಸರಿ.

ಇದರಲ್ಲಿಯೂ ಒಂದು ತೊಡಕಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ವೇಳೆ ಪಾಪೆ ಸರಿಯಾಗಿ ಹಿಗ್ಗದೆ, ಅದರ ಸುತ್ತಲಿನ ಪದರ ಸಡಿಲವಾಗಿ ಅಲುಗಾಡುವಂತೆ ಇದು ಮಾಡಬಲ್ಲದು. ಮಾತ್ರೆ ನಿಲ್ಲಿಸಿದ ಮೇಲೂ ಆ ಪರಿಣಾಮ ಉಳಿಯಬಹುದು. ವೈದ್ಯರಿಗೆ ಮೊದಲೇ ಗೊತ್ತಿದ್ದರೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಮುಂದಿನ ತಿಂಗಳು ನನ್ನ ಎಡಗಣ್ಣಿನ ಶಸ್ತ್ರಚಿಕಿತ್ಸೆಯಿದೆ. ಕಡತದ ಮೊದಲ ಪುಟದಲ್ಲಿಯೇ ಮಾತ್ರೆಯ ಹೆಸರನ್ನೂ, ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದೇನೆಂಬುದನ್ನೂ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.