ಜಾಗತಿಕ ಎಚ್‌ಆರ್ ಓದಲು ಮೂರು ದಾರಿ: ನಾನು ಓದಿ ನೋಡಿದ ಹೋಲಿಕೆ

ಹೆಡ್ ಆಫೀಸ್ ಬೇರೆ ದೇಶದಲ್ಲಿರುವ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಎಚ್‌ಆರ್ ಕೆಲಸ ಮಾಡುವವರಿಗೆ ಒಂದು ಹಂತ ಬರುತ್ತದೆ. ನೇಮಕಾತಿ, ಸಂಬಳ, ರಜೆ, ಅಪ್ರೈಸಲ್ ಎಲ್ಲ ಕೈಗೆ ಹತ್ತಿರುತ್ತದೆ. ಆದರೆ ಮುಂದಿನ ಐದು ವರ್ಷಕ್ಕೆ ಎಂಥ ಜನ ಬೇಕು, ಯಾವ ದೇಶದಲ್ಲಿ ಬೇಕು, ಅವರನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವ ಮಾತುಕತೆಗೆ ನಮ್ಮನ್ನು ಕರೆಯುವುದಿಲ್ಲ. ತೀರ್ಮಾನ ಆದ ಮೇಲೆ ಮೇಲ್ ಬರುತ್ತದೆ, ಅಷ್ಟೆ. ಆ ಮಾತುಕತೆಯಲ್ಲಿ ಕೂರುವಷ್ಟು ತಿಳಿದುಕೊಳ್ಳಬೇಕು ಅಂತಲೇ ನಾನು ಸ್ಟ್ರಾಟೆಜಿಕ್ ಎಚ್‌ಆರ್, ಅಂದರೆ ಜನರ ವಿಷಯವನ್ನು ಕಂಪನಿಯ ಮುಂದಿನ ಯೋಜನೆಗೆ ಜೋಡಿಸುವ ವಿದ್ಯೆ, ಓದಲು ಶುರು ಮಾಡಿದ್ದು. ಮೂರು ದಾರಿ ಹಿಡಿದೆ. ನಮ್ಮ ದೇಶದ ಒಂದು ಮುಕ್ತ ವಿಶ್ವವಿದ್ಯಾಲಯದ ಎಚ್‌ಆರ್ ಡಿಪ್ಲೊಮಾ, ಅಮೆರಿಕದ ಎಚ್‌ಆರ್ ವೃತ್ತಿಪರರ ಸಂಸ್ಥೆ ಎಸ್‌ಎಚ್‌ಆರ್‌ಎಂ ನಡೆಸುವ ಎಸ್‌ಸಿಪಿ ಪರೀಕ್ಷೆ, ಬ್ರಿಟನ್ನಿನ ಅಂಥದ್ದೇ ಸಂಸ್ಥೆ ಸಿಐಪಿಡಿಯ ಲೆವೆಲ್ 7 ಡಿಪ್ಲೊಮಾ.

ಮೂರನ್ನೂ ಅಳೆಯಲು ನಾನು ಒಂದೇ ಅಳತೆ ಇಟ್ಟುಕೊಂಡಿದ್ದೆ: ನರಸಾಪುರ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಿಸಿ ದಾಂಧಲೆಯಾಯಿತು. ಕಂಪನಿ ತೈವಾನಿನದು. ಕೆಲಸ ಕೊಟ್ಟ ಆಪಲ್ ಅಮೆರಿಕದ್ದು. ಕೆಲಸ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಸ್ವಲ್ಪವೇ ಸಮಯದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಶಿಫ್ಟ್ 8 ಗಂಟೆಯಿಂದ 12 ಗಂಟೆಗೆ ಹೋಗಿತ್ತು. ಹಾಜರಾತಿ ಲೆಕ್ಕ ತಪ್ಪುತ್ತಿತ್ತು, ಸಂಬಳ ಸರಿಯಾಗಿ ಬರುತ್ತಿರಲಿಲ್ಲ. ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲ ಜನ ಎಚ್‌ಆರ್ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ ಎಂದು ರಾಜ್ಯದ ಕಾರ್ಖಾನೆ ಇಲಾಖೆಯ ವರದಿಯೇ ಹೇಳಿತು. ಆಪಲ್ ವಿಸ್ಟ್ರಾನನ್ನು ಪ್ರೊಬೇಷನ್‌ನಲ್ಲಿಟ್ಟಿತು, ಅಂದರೆ ತಪ್ಪು ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ವಿಸ್ಟ್ರಾನ್ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಜಾಗತಿಕ ವ್ಯವಹಾರದಲ್ಲಿ ಎಚ್‌ಆರ್ ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಪಾಠ ನಮಗಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಓದು ಎಷ್ಟು ನೆರವಾಯಿತು?

ಮೊದಲು ನಮ್ಮ ದೇಶದ ಡಿಪ್ಲೊಮಾ. ಇಲ್ಲಿ ಕಾನೂನು ಗಟ್ಟಿಯಾಗುತ್ತದೆ. ಗುತ್ತಿಗೆ ಕಾರ್ಮಿಕರಿಗೆ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅದು ಯಾರ ತಲೆಗೆ ಬರುತ್ತದೆ? ಕಾರ್ಖಾನೆಯನ್ನು ನಡೆಸುವ ಮೂಲ ಕಂಪನಿಯ ತಲೆಗೇ. ಈ ಒಂದು ಪಾಠ ಗೊತ್ತಿದ್ದವರಿಗೆ ನರಸಾಪುರದ ಅರ್ಧ ಕತೆ ಅರ್ಥವಾಗುತ್ತದೆ. ಸಿದ್ಧಾಂತಗಳೂ ಇವೆ. 1984ರಲ್ಲಿ ಬಂದ ಮಿಷಿಗನ್ ಮಾದರಿ ಜನರನ್ನು ವ್ಯವಹಾರದ ಯೋಜನೆಗೆ ಹೊಂದಿಸುವ ಸಂಪನ್ಮೂಲ ಎಂದು ನೋಡುತ್ತದೆ. ಅದೇ ವರ್ಷದ ಹಾರ್ವರ್ಡ್ ಮಾದರಿ ಕಾರ್ಮಿಕ, ಕಾರ್ಮಿಕ ಸಂಘ, ಸರ್ಕಾರ, ಸಮುದಾಯ ಎಲ್ಲರಿಗೂ ಪಾಲಿದೆ ಅನ್ನುತ್ತದೆ. ಎರಡನ್ನೂ ಚೆನ್ನಾಗಿ ಓದಿಸಿದರು. ಆದರೆ ಪರೀಕ್ಷೆ ಕೇಳುವುದು ‘ವಿವರಿಸಿ’ ಅಂತ. ಯಾವುದು ಎಲ್ಲಿ ಸರಿ ಅಂತ ವಾದ ಮಾಡಲು ಜಾಗವೇ ಇಲ್ಲ. ಬೇರೆ ಬೇರೆ ದೇಶಗಳಲ್ಲಿ ಜನರನ್ನು ನಡೆಸುವ ಭಾಗ ಕೊನೆಯಲ್ಲಿ ತೆಳ್ಳಗೆ ಬಂದು ಹೋಗುತ್ತದೆ. ಇನ್ನೊಂದು ಮಾತು: 2025ರ ನವೆಂಬರ್ 21ರಂದು 29 ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ಕಾರ್ಖಾನೆಯಲ್ಲಿ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಕಾಗುವ ಮಿತಿ 100ರಿಂದ 300ಕ್ಕೆ ಏರಿದೆ. ಯಾವ ಕೋರ್ಸ್‌ಗೆ ಸೇರಿದರೂ ಪಠ್ಯ ಇದಕ್ಕೆ ತಕ್ಕ ಹಾಗೆ ಬದಲಾಗಿದೆಯಾ ಅಂತ ಮೊದಲು ಕೇಳಿ.

ಎಸ್‌ಎಚ್‌ಆರ್‌ಎಂನದು ಬೇರೆಯೇ ರುಚಿ. 1948ರಲ್ಲಿ ಹುಟ್ಟಿದ ಸಂಸ್ಥೆ, ಈಗಿನ ಪ್ರಮಾಣಪತ್ರಗಳು 2015ರವು. ಎಸ್‌ಸಿಪಿ ಹಿರಿಯ ಹಂತದ್ದು. 134 ಪ್ರಶ್ನೆ, 3 ಗಂಟೆ 40 ನಿಮಿಷ. ಅಮೆರಿಕದ ಹೊರಗೆ ಬರೆಯುವವರಿಗೆ ಅಲ್ಲಿನ ಕಾನೂನಿನ ಪ್ರಶ್ನೆಗಳು ಇರುವುದಿಲ್ಲ, ಅದು ಒಳ್ಳೆಯದು. ಕಷ್ಟ ಇರುವುದು ಸನ್ನಿವೇಶದ ಪ್ರಶ್ನೆಗಳಲ್ಲಿ. ನಾನೇ ಕಟ್ಟಿದ ಒಂದು ಉದಾಹರಣೆ ನೋಡಿ. ಹೆಡ್ ಆಫೀಸ್ ಎಲ್ಲ ದೇಶಕ್ಕೂ ಒಂದೇ ಅಪ್ರೈಸಲ್ ಪದ್ಧತಿ ತರುತ್ತಿದೆ. ಒಂದು ದೇಶದ ಮ್ಯಾನೇಜರ್‌ಗಳು ಒಪ್ಪುತ್ತಿಲ್ಲ. ಎಚ್‌ಆರ್ ಮುಖ್ಯಸ್ಥರಾಗಿ ಮೊದಲು ಏನು ಮಾಡುತ್ತೀರಿ? ಅವರಿಗೆ ತರಬೇತಿ ಕೊಡುತ್ತೀರಾ, ಆ ದೇಶಕ್ಕೆ ವಿನಾಯಿತಿ ಕೇಳುತ್ತೀರಾ, ಅವರ ಆಕ್ಷೇಪ ಏನು ಅಂತ ಕೂತು ಕೇಳುತ್ತೀರಾ, ಮೇಲಿನವರಿಂದ ಸೂಚನೆ ಹೊರಡಿಸುತ್ತೀರಾ? ನಾಲ್ಕೂ ಒಪ್ಪುವಂಥವೇ. ಯಾವುದು ಮೊದಲು ಅನ್ನುವುದರಲ್ಲಿ ಅಂಕ ಇದೆ. ಇದನ್ನು ಅಭ್ಯಾಸ ಮಾಡಿದ ಮೇಲೆ ಮೀಟಿಂಗಿನಲ್ಲಿ ನನ್ನ ಮಾತು ಚುರುಕಾಯಿತು. ಗಡಿಬಿಡಿಯ ಹೊತ್ತಲ್ಲಿ ಮೊದಲ ಹೆಜ್ಜೆ ಯಾವುದು ಅಂತ ಹೊಳೆಯತೊಡಗಿತು.

ಆದರೆ ನರಸಾಪುರವನ್ನು ಈ ಚೌಕಟ್ಟಿಗೆ ತಂದರೆ ಸಾಲುವುದಿಲ್ಲ. ಅಲ್ಲಿ ಒಂದು ಸರಿಯುತ್ತರ ಇರಲಿಲ್ಲ. ಹಬ್ಬದ ಸೀಸನ್ನಿಗೆ ಫೋನ್ ಬೇಕು ಅನ್ನುವ ಗ್ರಾಹಕ, ಬೇಗ ಬೆಳೆಯಬೇಕು ಅನ್ನುವ ಕಂಪನಿ, ಜನ ತುಂಬಿಸುವ ಏಜೆನ್ಸಿ, ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗ ಹುಡುಗಿಯರು. ಎಲ್ಲರ ಲೆಕ್ಕವೂ ಬೇರೆ ಬೇರೆ. ಇಂಥದ್ದನ್ನು ನಾಲ್ಕು ಆಯ್ಕೆಯಲ್ಲಿ ಹಿಡಿಯಲು ಆಗಲ್ಲ ಅಲ್ವಾ?

ಇಲ್ಲೇ ಸಿಐಪಿಡಿ ನನಗೆ ಹಿಡಿಸಿದ್ದು. 1913ರಲ್ಲಿ ಕಾರ್ಖಾನೆ ಕಾರ್ಮಿಕರ ಯೋಗಕ್ಷೇಮ ನೋಡುವವರ ಸಂಘವಾಗಿ ಶುರುವಾದದ್ದು ಈ ಸಂಸ್ಥೆ. ಆ ಕಾಳಜಿ ಈಗಲೂ ಪಠ್ಯದಲ್ಲಿ ಕಾಣುತ್ತದೆ. ಲೆವೆಲ್ 7 ಅಂದರೆ ಸ್ನಾತಕೋತ್ತರ ಮಟ್ಟ. ಉರು ಹೊಡೆಯುವುದು ಕಡಿಮೆ, ಬರೆಯುವುದು ಜಾಸ್ತಿ. ನಮ್ಮದೇ ಕೆಲಸದ ಜಾಗದಿಂದ ಒಂದು ಸಮಸ್ಯೆ ಎತ್ತಿಕೊಂಡು ಸಂಶೋಧನಾ ವರದಿ ಮಾಡಬೇಕು. ನಾನು ಎತ್ತಿಕೊಂಡಿದ್ದು ನಮ್ಮ ಕಚೇರಿಯ ಯುವ ಎಂಜಿನಿಯರ್‌ಗಳು ಕೆಲಸ ಬಿಡುವ ವಿಷಯ. ಸಂಬಳ ಸಾಲದೆ ಹೋಗುತ್ತಿದ್ದಾರೆ ಅಂತ ಹೆಡ್ ಆಫೀಸ್ ನಂಬಿತ್ತು. ಕೆಲಸ ಬಿಟ್ಟವರ ಎಕ್ಸಿಟ್ ಇಂಟರ್‌ವ್ಯೂ ಕಡತಗಳನ್ನು ತೆಗೆದು ಓದಿದೆ, ಹೋದವರಿಗೆ ಫೋನ್ ಮಾಡಿ ಮಾತಾಡಿಸಿದೆ. ಮತ್ತೆ ಮತ್ತೆ ಬಂದ ಮಾತು ಒಂದೇ: ‘ನನ್ನ ಪ್ರಮೋಷನ್ ತೀರ್ಮಾನ ಮಾಡಿದವರು ನನ್ನ ಜೊತೆ ಒಂದು ದಿನವೂ ಕೆಲಸ ಮಾಡಿಲ್ಲ.’ ಪಟ್ಟಿ ತಯಾರಾಗುತ್ತಿದ್ದದ್ದು ಬೇರೆ ದೇಶದಲ್ಲಿ, ಅಲ್ಲಿನ ಮ್ಯಾನೇಜರ್‌ಗಳ ನಡುವೆ. ಬಹುರಾಷ್ಟ್ರೀಯ ಕಂಪನಿಗಳ ಬಗ್ಗೆ ಬರೆದ ವಿದ್ವಾಂಸ ಹೋವರ್ಡ್ ಪರ್ಲ್‌ಮಟರ್ 1969ರಲ್ಲಿ ವಿವರಿಸಿದ, ಎಲ್ಲ ತೀರ್ಮಾನವೂ ತಾಯಿ ದೇಶದ ಕಣ್ಣಿಂದಲೇ ಆಗುವ ಕಂಪನಿ ಸಾಕ್ಷಾತ್ ನಮ್ಮದೇ ಆಗಿತ್ತು. ಆ ಸಭೆಯಲ್ಲಿ ಬೆಂಗಳೂರಿನ ಮ್ಯಾನೇಜರ್‌ಗಳೂ ಕೂರಬೇಕು ಅಂತ ವರದಿಯಲ್ಲಿ ಬರೆದೆ. ಕಂಪನಿ ಒಪ್ಪಿತು. ಓದಿದ್ದು ಕೆಲಸಕ್ಕೆ ಬಂದದ್ದನ್ನು ಕಣ್ಣಾರೆ ಕಂಡದ್ದು ಆಗಲೇ.

ದೇಶ ದೇಶಗಳ ಸಂಸ್ಕೃತಿಯನ್ನು ಅಂಕಗಳಲ್ಲಿ ಅಳೆದ ಡಚ್ ಸಂಶೋಧಕ ಹಾಫ್‌ಸ್ಟೆಡ್ ವಿಷಯವೂ ಹಾಗೇ. ಅವರ ಅಳತೆಯಲ್ಲಿ ಅಧಿಕಾರದ ಅಂತರಕ್ಕೆ, ಅಂದರೆ ಮೇಲು ಕೆಳಗಿನ ಭೇದವನ್ನು ಜನ ಎಷ್ಟು ಸಹಜ ಅಂತ ಒಪ್ಪುತ್ತಾರೆ ಅನ್ನುವುದಕ್ಕೆ, ಭಾರತಕ್ಕೆ 77 ಅಂಕ. ಪರೀಕ್ಷೆಗೆ ಓದುವಾಗ ಇದನ್ನು ನೆನಪಿಟ್ಟುಕೊಂಡೆ. ಸಿಐಪಿಡಿಯಲ್ಲಿ ಅದನ್ನು ಬರೆದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ. ಆ ಮಾಹಿತಿ ಸುಮಾರು 1967ರಿಂದ 1973ರ ನಡುವೆ ಐಬಿಎಂ ಉದ್ಯೋಗಿಗಳಿಂದ ಬಂದದ್ದು. ಇವತ್ತು ವೈಟ್‌ಫೀಲ್ಡ್‌ನಲ್ಲಿ ಕೂತ 25ರ ಹುಡುಗಿಗೆ ಅದು ಎಷ್ಟು ಹೊಂದುತ್ತದೆ? ಹೀಗೆ ಕೇಳುವ ಅಭ್ಯಾಸ ಇದ್ದವರೇ ನರಸಾಪುರದಂಥ ಕಡೆ ‘ಹಾಜರಾತಿ ಲೆಕ್ಕ ಸರಿ ಇದೆಯಾ, ಯಾರು ನೋಡಿದ್ದಾರೆ?’ ಅಂತ ಮೊದಲೇ ಕೇಳಬಲ್ಲರು.

ಖರ್ಚಿನಲ್ಲಿ ಮಾತ್ರ ಆಕಾಶ ಭೂಮಿ ವ್ಯತ್ಯಾಸ. ಡಿಪ್ಲೊಮಾ ಸಾವಿರಗಳಲ್ಲಿ ಮುಗಿಯುತ್ತದೆ. ಎಸ್‌ಸಿಪಿ ನೂರಾರು ಡಾಲರ್, ಜೊತೆಗೆ ಮೂರು ವರ್ಷಕ್ಕೊಮ್ಮೆ 60 ಕ್ರೆಡಿಟ್ ಗಳಿಸಿ ನವೀಕರಿಸಬೇಕು. ಲೆವೆಲ್ 7ಕ್ಕೆ ಲಕ್ಷಗಳು ಬೇಕು, ರಜಾದಿನಗಳೂ ಬೇಕು.

ಈಗಷ್ಟೇ ಎಚ್‌ಆರ್‌ಗೆ ಬಂದವರು ಸುಮ್ನೆ ವಿದೇಶಿ ಪ್ರಮಾಣಪತ್ರಕ್ಕೆ ಹಣ ಹಾಕಬೇಡಿ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಪಠ್ಯಗಳು ಅದರ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿವೆ, ಅಲ್ಲಿಂದ ಶುರು ಮಾಡಿ, ಕಾನೂನು ಗಟ್ಟಿ ಮಾಡಿಕೊಳ್ಳಿ. ಅಮೆರಿಕದ ಕಂಪನಿಯಲ್ಲಿ ಇದ್ದು, ಬೇಗ ಗುರುತು ಬೇಕು ಅನ್ನುವವರಿಗೆ ಎಸ್‌ಸಿಪಿ ಸರಿ. ಆದರೆ ಅದಕ್ಕೆ ಯೋಜನೆ ರೂಪಿಸುವ ಮಟ್ಟದ ಅನುಭವ ಮೂರು ವರ್ಷವಾದರೂ ಇರಬೇಕು. ಬ್ರಿಟನ್, ದುಬೈ ಕಡೆ ಹೋಗುವವರಿಗೆ, ತೀರ್ಮಾನಗಳನ್ನೇ ಬದಲಿಸುವ ಆಸೆ ಇರುವವರಿಗೆ ನನ್ನ ಆಯ್ಕೆ ಸಿಐಪಿಡಿ. ಅದರ ಫೀಸ್ ಕಂಪನಿ ಕೊಡುತ್ತದಾ ಅಂತ ಕೇಳಿ ನೋಡಿ. ಕೊಟ್ಟರೆ, ಎಷ್ಟು ವರ್ಷ ಕೆಲಸ ಬಿಡಬಾರದು ಅನ್ನುವ ಷರತ್ತನ್ನು ಓದಿಯೇ ಸಹಿ ಹಾಕಿ.