ನೀಲಿ ಬೆಳಕು ತಡೆಯುವ ಕನ್ನಡಕ: ಏಳುನೂರು ರೂಪಾಯಿ ಹೆಚ್ಚು ಕೊಡಬೇಕೇ?

ಗದಗಿನ ಮುದ್ರಣಾಲಯವೊಂದರಲ್ಲಿ ಅಕ್ಷರ ಜೋಡಿಸುವ ಕೆಲಸ ನನ್ನದು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ, ಎಲ್ಲವೂ ನನ್ನ ಕಂಪ್ಯೂಟರ್‌ನಿಂದಲೇ ಹೊರಡುತ್ತವೆ. ಹಾಗಾಗಿ ತಲೆನೋವು ಬೆನ್ನು ಹತ್ತಿದಾಗ ಎಲ್ಲರೂ ಪರದೆಯನ್ನೇ ದೂರಿದರು. ಅತ್ತೆಯವರು ಮಾತ್ರ ಪಿತ್ತ ಎಂದರು. ಕನ್ನಡಕದ ಅಂಗಡಿಯವರು, "ಅಕ್ಕಾ, ಇದು ಪರದೆಯ ನೀಲಿ ಬೆಳಕಿನ ಕಾಟ" ಎಂದು ಚಾಳೀಸಿನ ಗಾಜಿಗೆ ಅದನ್ನು ತಡೆಯುವ ಕೋಟಿಂಗ್ ಹಾಕಿಕೊಟ್ಟರು. ಅದಕ್ಕೆ ಏಳುನೂರು ರೂಪಾಯಿ ಹೆಚ್ಚು.

ಕನ್ನಡಕ ಚೆನ್ನಾಗಿದೆ. ಫ್ರೇಮ್ ಹಗುರ, ಮೂಗಿನ ಮೇಲೆ ಗುರುತು ಬೀಳುವುದಿಲ್ಲ. ಕರಡು ತಿದ್ದುವಾಗ ಟ ಒತ್ತೋ ಠ ಒತ್ತೋ ಎಂದು ಕಾಗದವನ್ನು ಕಣ್ಣಿಗೆ ಹತ್ತಿರ ತರಬೇಕಾಗಿಲ್ಲ. ಸಂಜೆಯ ಹೊತ್ತಿಗೆ ಹುಬ್ಬುಗಳ ಮೇಲೆ ಕೂರುತ್ತಿದ್ದ ಭಾರವೂ ಇಳಿದಿದೆ. ಆದರೆ ಇದೆಲ್ಲ ಸರಿಯಾದ ನಂಬರ್‌ನ ಉಪಕಾರ. ಇನ್ನೊಂದು ನೋವು, ಎಡಗಣ್ಣಿನ ಹಿಂದಿನಿಂದ ಎದ್ದು ಅರ್ಧ ತಲೆಯನ್ನು ಬಡಿಯುವ, ವಾಕರಿಕೆ ತರುವ, ಕಿಟಕಿ ಮುಚ್ಚಿ ಮಲಗಿಸುವ ಆ ನೋವು, ಕೋಟಿಂಗ್‌ಗೆ ಒಂದಿಷ್ಟೂ ಜಗ್ಗಲಿಲ್ಲ.

ಅಂಗಡಿಯಲ್ಲಿ ತೋರಿಸುವ ಪರೀಕ್ಷೆಯ ಬಗ್ಗೆ ಹೇಳಲೇಬೇಕು. ಪೆನ್ನಿನಂಥ ಲೇಸರ್ ದೀಪವನ್ನು ಗಾಜಿನ ಮೂಲಕ ಒಂದು ಕಾರ್ಡಿನ ಮೇಲೆ ಬಿಡುತ್ತಾರೆ. ಸಾದಾ ಗಾಜಿನಲ್ಲಿ ಬೆಳಕು ದಾಟುತ್ತದೆ, ಕೋಟಿಂಗ್ ಇದ್ದರೆ ನಿಲ್ಲುತ್ತದೆ. ನೋಡಿದವರು ಒಪ್ಪಿಬಿಡುತ್ತಾರೆ. ಆದರೆ ಅಂಥ ಪೆನ್ನುಗಳ ಬೆಳಕು ಸಾಮಾನ್ಯವಾಗಿ 405 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಆಸುಪಾಸಿನ ನೇರಳೆ. ಕಂಪ್ಯೂಟರ್ ಪರದೆಯ ನೀಲಿ ಹೆಚ್ಚಾಗಿ 450ರ ಸುಮಾರಿನದು. ಪೆನ್ನಿನ ಬೆಳಕು ನಿಂತಿತೆಂದರೆ ಪರದೆಯದೂ ನಿಂತಿತು ಎಂದಾಗುವುದಿಲ್ಲ. ಅಲ್ಲದೆ ಪರದೆ ಸೂಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ನೀಲಿ ಬೆಳಕು ಬಯಲಿನ ಬಿಸಿಲಿನಲ್ಲೇ ಇದೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ ನೀಲಿ ಬೆಳಕು ತಡೆಯುವ ಗಾಜಿನ ಬಗೆಗಿನ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ಆಯಾಸವನ್ನು ಇಂಥ ಗಾಜು, ಕಡಿಮೆ ಅವಧಿಯ ಬಳಕೆಯಲ್ಲಿ, ಸಾದಾ ಗಾಜಿಗಿಂತ ಹೆಚ್ಚು ತಗ್ಗಿಸುವಂತೆ ಕಾಣುವುದಿಲ್ಲ ಎಂಬುದು ಅದರ ನಿರ್ಣಯ.

ನನಗೆ ದಾರಿ ತೋರಿದ್ದು ಗೋಡೆಯ ಕ್ಯಾಲೆಂಡರ್. ಹುಬ್ಬಳ್ಳಿಯ ನರರೋಗ ತಜ್ಞರು ನೋವು ಬಂದ ದಿನ, ಊಟದ ಹೊತ್ತು, ನಿದ್ದೆ, ಮುಟ್ಟಿನ ದಿನ, ನುಂಗಿದ ಗುಳಿಗೆ ಎಲ್ಲವನ್ನೂ ಗುರುತಿಸಲು ಹೇಳಿದರು. ಗುರುತುಗಳು ಬಿದ್ದದ್ದು ಕಂಪ್ಯೂಟರ್ ಮುಟ್ಟದ ಭಾನುವಾರಗಳಲ್ಲಿ, ತಡವಾಗಿ ಎದ್ದ ಬೆಳಿಗ್ಗೆಗಳಲ್ಲಿ. ಶ್ರಾವಣ ಸೋಮವಾರದ ಉಪವಾಸದಲ್ಲಿ. ಲಗ್ನದ ಸುಗ್ಗಿಯಲ್ಲಿ ಮಧ್ಯಾಹ್ನದ ರೊಟ್ಟಿ ನಾಲ್ಕು ಗಂಟೆಗೆ ಜಾರಿದಾಗ. ವೈದ್ಯರು ಮೈಗ್ರೇನ್ ಎಂದರು. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಕಾಣುವ ಈ ನೋವು, ಮದ್ದು ಮಾಡದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಕಾಡುತ್ತದಂತೆ. ಹಲವು ಔಷಧ ಬೆರೆತ ನೋವಿನ ಗುಳಿಗೆಯನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕೂ ಹೆಚ್ಚು ನುಂಗುತ್ತ ಮೂರು ತಿಂಗಳು ದಾಟಿದರೆ ಆ ಗುಳಿಗೆಯೇ ತಲೆನೋವು ಹುಟ್ಟಿಸಬಲ್ಲದು ಎಂದೂ ಅವರು ಬಿಡಿಸಿ ಹೇಳಿದರು. ಇದನ್ನು ಔಷಧದ ಅಂಗಡಿಯ ಕಟ್ಟೆಯ ಮೇಲೆ ಯಾರೂ ಹೇಳುವುದಿಲ್ಲ, ಹೇಳಬೇಕಿತ್ತು.

ಕನ್ನಡಕ ಕೊಳ್ಳುವವರಿಗೆ ಇಷ್ಟು: ನಲವತ್ತು ದಾಟಿದ್ದರೆ ಮೊದಲು ನೇತ್ರತಜ್ಞರಲ್ಲಿ ಪರೀಕ್ಷೆ ಮಾಡಿಸಿ, ನಂಬರ್ ಬರೆಸಿಕೊಂಡು ಅಂಗಡಿಗೆ ಹೋಗಿ. ಟ್ಯೂಬ್‌ಲೈಟ್ ಗಾಜಿನಲ್ಲಿ ಹೊಳೆದು ತೊಂದರೆ ಕೊಡುತ್ತಿದ್ದರೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಕೇಳಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಲು ಹೇಳಿ. ತಲೆನೋವು ಸಿಡಿಲಿನಂತೆ ಒಮ್ಮೆಲೇ ಬಂದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕನ್ನಡಕದ ಯೋಚನೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಐದರಲ್ಲಿ ನಂಬರ್‌ಗೂ ಫ್ರೇಮ್‌ಗೂ ನಾಲ್ಕು ಅಂಕ ಕೊಡುತ್ತೇನೆ, ನೀಲಿ ಕೋಟಿಂಗ್‌ಗೆ ಸೊನ್ನೆ.